ಯುವ ಮಾರ್ಗದರ್ಶನ ಸಂಸ್ಥೆಗೆ ಕೊಡಗಿನಲ್ಲಿ ಸ್ವಂತ ಕಟ್ಟಡ: ಯಾವ ಹಣ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ

ಯುವ ಮಾರ್ಗದರ್ಶನ ಸಂಸ್ಥೆಯ ದೊಡ್ಡ ಖರ್ಚು ಜನರದ್ದು. ಒಬ್ಬ ಹುಡುಗನಿಗೋ ಹುಡುಗಿಗೋ ಒಬ್ಬ ಹಿರಿಯರನ್ನು ಜೋಡಿಸಿ, ಆ ಜೋಡಿ ವರ್ಷಗಟ್ಟಲೆ ಕಳಚಿಕೊಳ್ಳದಂತೆ ನೋಡಿಕೊಳ್ಳುವ ಸಂಯೋಜಕರ ಸಂಬಳ. ಹಾಡಿಗೂ (ಬುಡಕಟ್ಟು ಜನರ ಊರು) ಲೈನ್ ಮನೆಗೂ (ತೋಟದ ಕಾರ್ಮಿಕರ ಸಾಲುಮನೆ) ಓಡಾಡುವ ಜೀಪಿನ ಡೀಸೆಲ್. ಸ್ವಂತ ಕಟ್ಟಡ ಬಂದ ಮೇಲೆ ಈ ಕೆಲಸ ಸಲೀಸಾಗಬೇಕು. ಕಟ್ಟಡವೇ ಆ ಸಂಬಳವನ್ನು ನುಂಗತೊಡಗಿದರೆ ಗೋಡೆ ಉಳಿಯುತ್ತದೆ, ಕೆಲಸ ಹೋಗುತ್ತದೆ. ಹಾಗಾಗಿ ಇಲ್ಲಿ ಪ್ರತಿ ದಾರಿಯನ್ನೂ ಒಂದೇ ಅಳತೆಗೋಲಿನಿಂದ ಅಳೆದಿದೆ: ಈ ಹಣ ಕೈಗೆ ಬಂದ ಮೇಲೆ ಪ್ರತಿ ತಿಂಗಳು, ಪ್ರತಿ ವರ್ಷ ಸಂಸ್ಥೆಯಿಂದ ಏನನ್ನು ಕೇಳುತ್ತದೆ?

ತೆರಿಗೆಯ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಆದಾಯ ತೆರಿಗೆ ಕಾಯ್ದೆ, 2025ರ ಜಾರಿಯ ದಿನ 2026ರ ಏಪ್ರಿಲ್ 1. ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಎಲ್ಲರ ಬಾಯಲ್ಲಿರುವುದು 1961ರ ಕಾಯ್ದೆಯ ಸಂಖ್ಯೆಗಳಾದ್ದರಿಂದ ಇಲ್ಲಿ ಅವನ್ನೇ ಬಳಸಿದೆ. ಠರಾವು ಬರೆಯುವಾಗ ಲೆಕ್ಕಪರಿಶೋಧಕರಿಂದ ಹೊಸ ಸಂಖ್ಯೆ ಕೇಳಿ ಬರೆದುಕೊಳ್ಳಿ.

ಮೊದಲು ನಿಜವಾದ ಮೊತ್ತ

ಗುತ್ತಿಗೆದಾರರು ಚದರಡಿ ದರ ಹೇಳುತ್ತಾರೆ, ಸಭೆಯಲ್ಲಿ ಅದನ್ನೇ ವಿಸ್ತೀರ್ಣದಿಂದ ಗುಣಿಸಿ ಗುರಿ ಘೋಷಿಸಿಬಿಡುತ್ತಾರೆ. ಮುಂದಿನ ತೊಂದರೆಗಳ ಬೇರು ಇಲ್ಲೇ ಇರುತ್ತದೆ. ಲೆಕ್ಕ ಹೇಗೆ ಬೆಳೆಯುತ್ತದೆ ನೋಡಿ. 3,000 ಚದರಡಿ, ಚದರಡಿಗೆ 2,400 ರೂಪಾಯಿ ಎಂದು ಇಟ್ಟುಕೊಳ್ಳೋಣ (ನಿಮ್ಮೂರಿನ ದರ ಹಾಕಿಕೊಳ್ಳಿ): 72 ಲಕ್ಷ. ಕಟ್ಟಡ ಗುತ್ತಿಗೆಗೆ ಜಿಎಸ್‌ಟಿ ಶೇ 18, ಅಂದರೆ 12.96 ಲಕ್ಷ. ಸೇವಾ ಸಂಸ್ಥೆಗೆ ಇದು ವಾಪಸ್ ಬರುವುದಿಲ್ಲ. ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಎಂಜಿನಿಯರ್, ಮಣ್ಣು ಪರೀಕ್ಷೆಗೆ ಶೇ 5ರಂತೆ 3.60 ಲಕ್ಷ. ಕಾರ್ಮಿಕ ಕಲ್ಯಾಣ ಸೆಸ್ ಶೇ 1, ಅಂದರೆ 72 ಸಾವಿರ. ತಡೆಗೋಡೆ, ಚರಂಡಿಗೆ 8 ಲಕ್ಷ. ಪೀಠೋಪಕರಣ, ಇನ್ವರ್ಟರ್‌ಗೆ 6 ಲಕ್ಷ. ಇಷ್ಟಕ್ಕೇ 103.28 ಲಕ್ಷವಾಯಿತು. ಇದರ ಮೇಲೆ ಶೇ 10 ಅನಿರೀಕ್ಷಿತ ವೆಚ್ಚ ಸೇರಿಸಿದರೆ ಸುಮಾರು 1 ಕೋಟಿ 14 ಲಕ್ಷ. 72 ಲಕ್ಷಕ್ಕೆ ಹಣ ಕೂಡಿಸಿ ಹೊರಟವರು ಲಿಂಟಲ್ ಮಟ್ಟದಲ್ಲಿ ನಿಲ್ಲುವುದು, ಕಂಬಿಗಳು ಒಂದು ಮಳೆಗಾಲ ಬಯಲಲ್ಲೇ ತುಕ್ಕು ಹಿಡಿಯುವುದು ಇದೇ ಕಾರಣಕ್ಕೆ.

ತಡೆಗೋಡೆಯ ಬಾಬನ್ನು ಕೊಡಗಿನಲ್ಲಿ ಎಂದೂ ‘ಆಮೇಲೆ ನೋಡೋಣ’ ಎನ್ನಬಾರದು. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲದ ಕಡೆ ಬೆಟ್ಟ ಜಾರಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಇಳಿಜಾರನ್ನು ಜೆಸಿಬಿಯಿಂದ ಲಂಬವಾಗಿ ಕಡಿದು ಸಮತಟ್ಟು ಮಾಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಒಳಗೆ ನೀರು ತುಂಬಿದಾಗ ಅದು ಗೋಡೆಯನ್ನೇ ಹೊತ್ತುಕೊಂಡು ಬರುತ್ತದೆ. ತಡೆಗೋಡೆಗೆ ನೀರು ಹೊರಹೋಗುವ ತೂತುಗಳು, ಅದರ ಹಿಂದೆ ಜಲ್ಲಿಯ ಪದರ, ಮೇಲ್ಭಾಗದಲ್ಲಿ ಹರಿನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ, ಈ ಮೂರೂ ಇರಲೇಬೇಕು. ಕುಶಾಲನಗರದ ಕಡೆ ನೆಲ ಸಮತಟ್ಟು, ಮಳೆಯೂ ಕಡಿಮೆ. ಆದರೆ ಕಾವೇರಿ ಪಕ್ಕದ ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿದೆ. ಅಲ್ಲಿ ತಡೆಗೋಡೆಯ ಹಣ ತಳಪಾಯ ಎತ್ತರಿಸುವುದಕ್ಕೆ ಹೋಗುತ್ತದೆ.

ಜಾಗ ದಾನ ಬಂದರೆ ಪುಕ್ಕಟೆಯಲ್ಲ

‘ರಸ್ತೆ ಬದಿಯ ಇಪ್ಪತ್ತು ಸೆಂಟು ಬಾಣೆ ಕೊಡುತ್ತೇವೆ’ ಎಂದು ಯಾರಾದರೂ ಮುಂದೆ ಬಂದರೆ ಮೊದಲು ಕೈ ಮುಗಿಯಿರಿ, ಆಮೇಲೆ ಆರ್‌ಟಿಸಿ (ಪಹಣಿ) ತೆಗೆಸಿ. ಜಮ್ಮಾ ಬಾಣೆಯಾದರೆ (ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಗುಡ್ಡದ ಜಾಗ) 9ನೇ ಕಾಲಂನಲ್ಲಿ ಮೂಲ ಪಟ್ಟೇದಾರನ ಹೆಸರಿದ್ದು, ಒಕ್ಕದ (ಮನೆತನದ) ಹಲವರ ಹಕ್ಕು ಸೇರಿಕೊಂಡಿರುವುದು ಸಾಮಾನ್ಯ. ಒಬ್ಬರ ಸಹಿಯಿಂದ ಆ ಜಾಗ ಸಂಸ್ಥೆಗೆ ಬರುವುದಿಲ್ಲ. ಬೆಂಗಳೂರಲ್ಲಿರುವ ದಾಯಾದಿಯ ಸಹಿಯೂ ಬೇಕು, ಕೆನಡಾದಲ್ಲಿರುವವರ ಮುಖ್ತಿಯಾರ್ ಪತ್ರವೂ ಬೇಕು. 11ನೇ ಕಾಲಂನಲ್ಲಿ ಸಾಲ, ತಕರಾರು ಇದೆಯೇ ನೋಡಿ. ಜಾಗ ರಿಡೀಮ್ಡೋ ಅನ್‌ರಿಡೀಮ್ಡೋ ಕೇಳಿ. ಅನ್‌ರಿಡೀಮ್ಡ್ ಆದರೆ ಮರದ ಬೆಲೆ ಸರ್ಕಾರಕ್ಕೆ ಸಂದಿಲ್ಲ ಎಂದರ್ಥ. ನಿವೇಶನದ ಮಧ್ಯೆ ನಿಂತಿರುವ ಬೀಟೆ ಮರ ದಾನಿಯದ್ದೂ ಅಲ್ಲ, ನಿಮ್ಮದೂ ಅಲ್ಲ. ಪೈಸಾರಿಗೆ (ಸರ್ಕಾರಿ ಜಾಗ) ಹೊಂದಿಕೊಂಡ ಜಾಗವಾದರೆ ಸರ್ವೆ ಮಾಡಿಸದೆ ಗಡಿಯ ಮಾತೇ ಬೇಡ.

ದಾನಪತ್ರಕ್ಕೂ ಖರ್ಚಿದೆ. ಕರ್ನಾಟಕದಲ್ಲಿ ಕುಟುಂಬದ ಹೊರಗಿನವರಿಗೆ ಕೊಡುವ ದಾನಕ್ಕೆ ಕ್ರಯಪತ್ರದಷ್ಟೇ, ಶೇ 5 ಮುದ್ರಾಂಕ ಶುಲ್ಕ. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಗ್ರಾಮೀಣ ಭಾಗದಲ್ಲಿ ಒಟ್ಟು ಶೇ 7.65 ಬೀಳುತ್ತದೆ. ಮಾರ್ಗಸೂಚಿ ಬೆಲೆ 40 ಲಕ್ಷದ ಜಾಗ ದಾನವಾಗಿ ಬಂದರೂ 3 ಲಕ್ಷ 6 ಸಾವಿರ ಕೈಯಿಂದ ಹೋಗುತ್ತದೆ. ಅದರ ಜತೆಗೆ 11ಇ ನಕ್ಷೆ (ಕೊಡುವ ಭಾಗವನ್ನು ಬೇರ್ಪಡಿಸಿ ತೋರಿಸುವ ಸರ್ವೆ ನಕ್ಷೆ), ಭೂ ಪರಿವರ್ತನೆ, ಇ-ಖಾತಾ. ಪರಿವರ್ತನೆಯಾಗದ ತೋಟದ ಜಾಗದ ಮೇಲೆ ಯಾವ ಬ್ಯಾಂಕೂ ಕಟ್ಟಡ ಸಾಲ ಕೊಡುವುದಿಲ್ಲ, ಕಂಪನಿಯ ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆಂದು ಖರ್ಚು ಮಾಡಬೇಕಾದ ಹಣ) ಕಡತವೂ ಮುಂದೆ ಹೋಗುವುದಿಲ್ಲ. ಈಗಾಗಲೇ ಪರಿವರ್ತನೆಯಾಗಿ, ಪಂಚಾಯಿತಿಯಲ್ಲಿ ನಮೂನೆ 9 ಮತ್ತು 11ಎ (ಪಂಚಾಯಿತಿಯ ಆಸ್ತಿ ದಾಖಲೆಗಳು) ಇರುವ ಸಣ್ಣ ನಿವೇಶನವನ್ನು ದುಡ್ಡು ಕೊಟ್ಟು ಕೊಳ್ಳುವುದು, ತಕರಾರಿನ ದೊಡ್ಡ ದಾನಕ್ಕಿಂತ ಬಹಳ ಸಲ ಅಗ್ಗವೇ ಆಗುತ್ತದೆ.

ಹಳೆಯ ಮನೆ ಕೊಂಡು ಮಾರ್ಪಡಿಸುವ ದಾರಿಯೂ ಉಂಟು. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಇದೇ ಉತ್ತಮ ಎನ್ನಬೇಕು. ಮಕ್ಕಳು ಬರುವುದು ಬಸ್ಸಿನಲ್ಲಿ, ಹೋಗುವುದು ಕೊನೆಯ ಬಸ್ಸಿನಲ್ಲಿ. ಊರಾಚೆ ಮೂರು ಕಿಲೋಮೀಟರ್ ದೂರದ ಚಂದದ ಕಟ್ಟಡಕ್ಕೆ ಜುಲೈ ತಿಂಗಳ ಸಂಜೆ ಯಾರೂ ಬರುವುದಿಲ್ಲ.

ಬಾಡಿಗೆಯಲ್ಲೇ ಉಳಿಯುವುದು ಸೋಲೇನೂ ಅಲ್ಲ

ತಿಂಗಳಿಗೆ 30,000 ಬಾಡಿಗೆ, ವರ್ಷಕ್ಕೆ ಶೇ 5 ಏರಿಕೆ ಎಂದು ಹಿಡಿದರೆ ಹತ್ತು ವರ್ಷಕ್ಕೆ ಸುಮಾರು 45 ಲಕ್ಷ. ಅದೇ 60 ಲಕ್ಷ ಸಾಲವನ್ನು ಶೇ 11ರ ಬಡ್ಡಿಗೆ ಹತ್ತು ವರ್ಷಕ್ಕೆ ತೆಗೆದರೆ ಕಂತು ತಿಂಗಳಿಗೆ ಸುಮಾರು 82,650. ಒಟ್ಟು 99 ಲಕ್ಷ, ಅದರಲ್ಲಿ ಬಡ್ಡಿಯೇ 39 ಲಕ್ಷ. ಸಾಲ ತೀರಿದ ಮೇಲೆ ಕಟ್ಟಡ ನಿಮ್ಮದಾಗುತ್ತದೆ, ನಿಜ. ಆದರೆ ಅಷ್ಟು ವರ್ಷ ಪ್ರತಿ ತಿಂಗಳು ಬಾಡಿಗೆಗಿಂತ ಸರಾಸರಿ ಸುಮಾರು 45,000 ಹೆಚ್ಚು ಹೊರೆ. ಅದು ಎರಡೋ ಮೂರೋ ಸಂಯೋಜಕರ ಸಂಬಳ.

ನಾಲ್ಕಾರು ಸಿಬ್ಬಂದಿ ಮಾತ್ರ ಇರುವ, ವರ್ಷದ ಖರ್ಚು 40 ಲಕ್ಷದೊಳಗಿನ ಸಂಸ್ಥೆಗೆ ದೀರ್ಘಾವಧಿಯ ಬಾಡಿಗೆ ಕರಾರೇ ಸರಿ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. 11 ತಿಂಗಳ ಕಾಗದವನ್ನು ನವೀಕರಿಸುತ್ತ ಹೋದರೆ, ಪ್ರವಾಸಿಗರಿಗೆ ಹೋಮ್‌ಸ್ಟೇ ಮಾಡುವ ಆಸೆ ಮಾಲೀಕರಿಗೆ ಬಂದ ದಿನ ನೀವು ಬೀದಿಗೆ. ಕೊಡಗಿನಲ್ಲಿ ಈ ಅಪಾಯ ದೊಡ್ಡದು. ಕರಾರಿನಲ್ಲಿ 9 ವರ್ಷ ಅವಧಿ, ಆ ಅವಧಿಯಲ್ಲಿ ಮಾಲೀಕರು ಬಿಡಿಸುವಂತಿಲ್ಲ ಎಂಬ ಷರತ್ತು, ನೀವು ಹಾಕಿದ ವಿಭಜಕ ಗೋಡೆ, ಶೌಚಾಲಯದ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವ ಮಾತು ಇರಲಿ.

ದೇಣಿಗೆ: ಕಾಫಿ ಹಣದ ಸಮಯ ತಿಳಿದು ಕೇಳಬೇಕು

ಕಟ್ಟಡಕ್ಕೆ ಬರುವ ಹಣಗಳಲ್ಲಿ ಅತ್ಯಂತ ಕಡಿಮೆ ಬೇಡುವುದು ಊರ ಜನರ ದೇಣಿಗೆ. ಬಡ್ಡಿಯಿಲ್ಲ, ಒತ್ತೆಯಿಲ್ಲ. ಅದು ಬೇಡುವುದು ಲೆಕ್ಕ ಮತ್ತು ತಾಳ್ಮೆ.

ಹೊರಗಿನ ಸಲಹೆಗಾರರು ಬಂದರೆ 80ಜಿ ರಿಯಾಯಿತಿ (ದಾನಿಗೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತ) ತೋರಿಸಿ ಕೇಳಿ ಎನ್ನುತ್ತಾರೆ. ಇಲ್ಲಿ ಅದು ಅಷ್ಟು ನಡೆಯುವುದಿಲ್ಲ. ಬೆಳೆದ ಕಾಫಿಯನ್ನು ಹಾಗೇ ಮಾರುವ ಬೆಳೆಗಾರರ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಕ್ಯೂರಿಂಗ್ ಮಾಡಿಸಿ (ಸಿಪ್ಪೆ ತೆಗೆಸಿ ಬೀಜ ಸಿದ್ಧಪಡಿಸಿ) ಮಾರಿದರೂ ನಿಯಮ 7ಬಿ ಪ್ರಕಾರ ಶೇ 25 ಭಾಗಕ್ಕಷ್ಟೇ ತೆರಿಗೆ. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೂ 80ಜಿ ಸಿಗುವುದಿಲ್ಲ. ಹಾಗಾಗಿ ತೆರಿಗೆಯ ಮಾತು ಬೆಂಗಳೂರು, ಮೈಸೂರಿನಲ್ಲಿ ವ್ಯಾಪಾರ ಮಾಡುವ ಕೊಡಗಿನವರಿಗೆ ಹೇಳಿ. ತೋಟದವರಿಗೆ ಹೇಳಬೇಕಾದದ್ದು ಕೋಣೆಯ ಮಾತು: ‘ಈ ಮಾರ್ಗದರ್ಶನ ಕೋಣೆಗೆ 3 ಲಕ್ಷ, ಬಾಗಿಲ ಮೇಲೆ ನಿಮ್ಮ ಅಜ್ಜಿಯ ಹೆಸರು.’

ಕೇಳುವ ಹೊತ್ತು ಮುಖ್ಯ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಡಿಸೆಂಬರ್ ಕೊನೆಯಿಂದ ಮಾರ್ಚ್. ಕೊಯ್ಲಿನಲ್ಲಿ ಕೂಲಿ ಕೊಟ್ಟು ಕೈ ಖಾಲಿ. ಕಾಫಿ ಮಾರಿದ ಮೇಲೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಕೈಯಲ್ಲಿ ಹಣ. ಭರವಸೆ ಪತ್ರವನ್ನು ಪುತ್ತರಿಯ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ, ಮನೆಮಂದಿ ಎಲ್ಲ ಸೇರಿದಾಗ ಬರೆಸಿಕೊಳ್ಳಿ. ಪಾವತಿಯ ದಿನ ಮಾರ್ಚ್ 15 ಎಂದು ಹಾಕಿ. ಮೂರು ವರ್ಷಕ್ಕೆ ಮೂರು ಕಂತು ಮಾಡಿದರೆ ಒಬ್ಬೊಬ್ಬರ ಮೊತ್ತವೂ ದೊಡ್ಡದಾಗುತ್ತದೆ. ಒಂದು ವರ್ಷ ಬೆಲೆ ಬಿದ್ದರೆ, ಅಥವಾ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ, ಕೊಡುವ ಮನಸ್ಸಿದ್ದವರಿಗೂ ಕೊಡಲಾಗುವುದಿಲ್ಲ. ಆದ್ದರಿಂದ ಬರೆದುಕೊಟ್ಟ ಮೊತ್ತದಲ್ಲಿ ನೂರಕ್ಕೆ ಎಂಬತ್ತನ್ನೇ ನಂಬಿ ಕೆಲಸ ಶುರು ಮಾಡಿ.

ಲೆಕ್ಕದಲ್ಲಿ ಜಾರುವ ಜಾಗಗಳು ಹೀಗಿವೆ. ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ಸಂದರ್ಭಕ್ಕೆ, 2 ಲಕ್ಷ ಮತ್ತು ಮೇಲ್ಪಟ್ಟು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ. 2,000 ಮೀರಿದ ನಗದಿಗೆ 80ಜಿ ಇಲ್ಲ. ಹುಂಡಿಯಲ್ಲಿ ಬಂದ ಹೆಸರಿಲ್ಲದ ಹಣ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ, ಇವೆರಡರಲ್ಲಿ ಹೆಚ್ಚಿನದನ್ನು ದಾಟಿದರೆ ಆ ಹೆಚ್ಚುವರಿಗೆ ಶೇ 30 ತೆರಿಗೆ. ಪ್ರತಿ ರಸೀದಿಯಲ್ಲೂ ಹೆಸರು, ವಿಳಾಸ ಇರಲಿ. ಕಟ್ಟಡಕ್ಕೆಂದೇ ಕೊಟ್ಟ ಹಣವನ್ನು ಮೂಲನಿಧಿಯಾಗಿ (ಕಾರ್ಪಸ್; ವರ್ಷದ ಆದಾಯಕ್ಕೆ ಸೇರಿಸದೆ ಬೇರೆ ಇಡುವ ನಿಧಿ) ಪಡೆಯುವುದಾದರೆ ದಾನಿಯ ಲಿಖಿತ ಸೂಚನೆ ಬೇಕು. ಅದು ಬರಿಯ ರಸೀದಿಯ ಮುದ್ರೆಯಾಗದೆ ದಾನಿಯ ಸಹಿಯಿರುವ ಕಾಗದವಾಗಿರಲಿ. ಮೂಲನಿಧಿಯ ಹಣ ಸೆಕ್ಷನ್ 11(5)ರ ಹೂಡಿಕೆಗಳಲ್ಲೇ ಇರಬೇಕು. ಸ್ಥಿರಾಸ್ತಿಯೂ ಆ ಪಟ್ಟಿಯಲ್ಲಿದೆ.

ಸಂಸ್ಥೆಯ ಸ್ವಂತ ಉಳಿತಾಯವೂ ಈ ದಾರಿಗೇ ಸೇರಿದ್ದು. ವರ್ಷದ ಆದಾಯದಲ್ಲಿ ಶೇ 85 ಧರ್ಮಕಾರ್ಯಕ್ಕೆ ಖರ್ಚಾಗಬೇಕು. ಕಟ್ಟಡಕ್ಕಾಗಿ ಕೂಡಿಡಬೇಕೆಂದರೆ ಆಡಳಿತ ಮಂಡಳಿಯ ಠರಾವು, ನಿರ್ದಿಷ್ಟ ಉದ್ದೇಶ, ನಮೂನೆ 10, ಗರಿಷ್ಠ 5 ವರ್ಷ. ನಮೂನೆಯಲ್ಲಿ ‘ಸಂಸ್ಥೆಯ ಉದ್ದೇಶಗಳಿಗಾಗಿ’ ಎಂದು ಬರೆದರೆ ತಕರಾರು ಬರುತ್ತದೆ. ‘ತರಬೇತಿ ಕೇಂದ್ರ ಮತ್ತು ಕಚೇರಿ ಕಟ್ಟಡ ನಿರ್ಮಾಣಕ್ಕೆ’ ಎಂದು ಬರೆಯಿರಿ. ಐದು ವರ್ಷದಲ್ಲಿ ಖರ್ಚಾಗದೆ ಉಳಿದದ್ದು ತೆರಿಗೆಗೆ ಒಳಪಡುತ್ತದೆ.

ಸಿಎಸ್‌ಆರ್: ಕಚೇರಿ ಅಲ್ಲ, ತರಬೇತಿ ಕೇಂದ್ರ

ಕಂಪನಿಗೆ ‘ಪ್ರಧಾನ ಕಚೇರಿ ಕಟ್ಟುತ್ತೇವೆ’ ಎಂದು ಅರ್ಜಿ ಹಾಕಿದರೆ ಅಲ್ಲಿಗೇ ಮುಗಿಯಿತು. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಶಿಕ್ಷಣವಿದೆ, ವೃತ್ತಿ ಕೌಶಲವಿದೆ, ಕಚೇರಿ ಇಲ್ಲ. ಕಟ್ಟಡವನ್ನು ನಕ್ಷೆಯಲ್ಲೇ ಎರಡು ಮಾಡಿ: ಕೆಳಗಿನ ತರಬೇತಿ ಸಭಾಂಗಣ, ಮಾರ್ಗದರ್ಶನ ಕೋಣೆಗಳು, ಗ್ರಂಥಾಲಯ ಒಂದು ಅಂದಾಜುಪಟ್ಟಿ, ಮೇಲಿನ ಕಚೇರಿ ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಕಂಪನಿಯನ್ನು ಕೇಳಿ. ಬಿಲ್ಲುಗಳೂ ಬೇರೆಯಾಗಿಯೇ ಬರಬೇಕು. ಒಂದೇ ಲಾರಿ ಸಿಮೆಂಟನ್ನು ಎರಡಕ್ಕೂ ಹಂಚಿದರೆ ಬಳಕೆ ಪ್ರಮಾಣಪತ್ರ ಕೊಡುವಾಗ ಸಿಕ್ಕಿಬೀಳುತ್ತೀರಿ.

ಬೇಕಾದ ಕಾಗದ: 12ಎಬಿ (ಸಂಸ್ಥೆಯ ತೆರಿಗೆ ವಿನಾಯಿತಿ ನೋಂದಣಿ), 80ಜಿ, ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯಲು ಮಾಡಿಸುವ ನೋಂದಣಿ) ನೋಂದಣಿ ಸಂಖ್ಯೆ, ಕನಿಷ್ಠ ಮೂರು ವರ್ಷದ ಕೆಲಸದ ದಾಖಲೆ. ಸಿಎಸ್‌ಆರ್ ಹಣದಿಂದಾದ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಇಂಥ ನೋಂದಣಿ ಸಂಖ್ಯೆಯಿರುವ ಸಾರ್ವಜನಿಕ ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 ಕಂಪನಿಯ (ಲಾಭಕ್ಕಲ್ಲದ ಕಂಪನಿ) ಹೆಸರಿನಲ್ಲಿ ಇರಬಹುದು. ಇದು ನಿಮಗೆ ಅನುಕೂಲ. ಅನನುಕೂಲ ಕ್ಯಾಲೆಂಡರಿನದು. ಕಂಪನಿಯ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಒಪ್ಪಂದ ಆಗಸ್ಟಿನಲ್ಲಾದರೆ ಇಲ್ಲಿ ಮಳೆ; ನಿಜವಾದ ಕೆಲಸ ನವೆಂಬರ್‌ನಿಂದ. ಅದೇ ಹೊತ್ತಿಗೆ ಕೂಲಿಯವರೆಲ್ಲ ಕಾಫಿ ಕೊಯ್ಲಿಗೆ. ಮಾರ್ಚ್‌ಗೆ ಚಾವಣಿ ಹಾಕಿ ತೋರಿಸುತ್ತೇವೆ ಎಂದು ಒಪ್ಪಿಕೊಳ್ಳಬೇಡಿ. ಮೊದಲ ದಿನವೇ ‘ಮುಂದುವರಿಯುವ ಯೋಜನೆ’ ಎಂದು ಮಂಡಳಿಯಲ್ಲಿ ಮಂಜೂರು ಮಾಡಿಸಲು ಕೇಳಿ. ಆಗ ಆರಂಭದ ವರ್ಷ ಬಿಟ್ಟು ಇನ್ನೂ ಮೂರು ಹಣಕಾಸು ವರ್ಷ ಸಿಗುತ್ತದೆ.

ಸಾಲ: ಸೇತುವೆಯಾಗಿ ಮಾತ್ರ

ಬ್ಯಾಂಕ್ ಮೊದಲು ನೋಡುವುದು ಟ್ರಸ್ಟ್ ಡೀಡ್ ಅಥವಾ ಬೈಲಾವನ್ನು. ಸಾಲ ಪಡೆಯುವ, ಆಸ್ತಿ ಒತ್ತೆ ಇಡುವ ಅಧಿಕಾರ ಅಲ್ಲಿ ಬರೆದಿರಬೇಕು. ಇಲ್ಲದಿದ್ದರೆ ತಿದ್ದುಪಡಿಗೇ ತಿಂಗಳುಗಳು ಹೋಗುತ್ತವೆ. ಆಮೇಲೆ ಧರ್ಮದರ್ಶಿಗಳ ವೈಯಕ್ತಿಕ ಜಾಮೀನು ಕೇಳುತ್ತಾರೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ: ಸಂಸ್ಥೆಯ ಸಾಲಕ್ಕೆ ಒಬ್ಬರ ತೋಟ ಜಾಮೀನಾದರೆ ಮಂಡಳಿಯಲ್ಲಿ ಅವರ ಮಾತೇ ಕೊನೆಯ ಮಾತಾಗುತ್ತದೆ, ಬೇಡವೆಂದರೂ.

ಹೆಚ್ಚಿನವರಿಗೆ ಗೊತ್ತಿಲ್ಲದ ತೆರಿಗೆಯ ಗಂಟು ಒಂದಿದೆ. ಸಾಲದ ಹಣದಿಂದ ಕಟ್ಟಿದ್ದು ಆ ವರ್ಷದ ಶೇ 85ರ ಲೆಕ್ಕಕ್ಕೆ ಸೇರುವುದಿಲ್ಲ. ಅಸಲು ತೀರಿಸಿದ ವರ್ಷ ಸೇರುತ್ತದೆ. ಅದೂ ಸಾಲದ ಹಣ ಖರ್ಚಾದ ಹಣಕಾಸು ವರ್ಷ ಮುಗಿದು 5 ವರ್ಷದೊಳಗೆ ತೀರಿಸಿದ್ದಷ್ಟೇ. ಮೇಲಿನ ಹತ್ತು ವರ್ಷದ 60 ಲಕ್ಷದಲ್ಲಿ ಕೊನೆಯ ಐದು ವರ್ಷ ತೀರಿಸುವ ಅಸಲು ಸುಮಾರು 38 ಲಕ್ಷ. ಆ ಹಣ ಸಂಸ್ಥೆಯ ಆದಾಯದಿಂದ ಹೋಗುತ್ತದೆ, ಆದರೆ ಧರ್ಮಕಾರ್ಯದ ಖರ್ಚೆಂದು ಎಣಿಕೆಯಾಗುವುದಿಲ್ಲ. ಹತ್ತು ವರ್ಷದ ಸಾಲ ತೆಗೆದ ಸಂಸ್ಥೆ ಆರನೇ ವರ್ಷದಿಂದ ತೆರಿಗೆ ಕಟ್ಟಬೇಕಾಗಿ ಬರಬಹುದು.

ಹಾಗಾಗಿ ಸಾಲವನ್ನು ಸಹಿಯಾದ ಭರವಸೆ ಪತ್ರಗಳಿಗೂ ಬರಬೇಕಾದ ಸಿಎಸ್‌ಆರ್ ಕಂತಿಗೂ ನಡುವಿನ ಸೇತುವೆಯಾಗಿ ಮಾತ್ರ ತೆಗೆಯಿರಿ. ಅವಧಿ 3 ವರ್ಷ, ಹೆಚ್ಚೆಂದರೆ 5. ಮೊತ್ತ ಒಟ್ಟು ವೆಚ್ಚದ ಆರನೇ ಒಂದು ಭಾಗ ಮೀರದಿರಲಿ. ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ ಎಂಬುದನ್ನು ಮಂಜೂರಾತಿ ಪತ್ರದಲ್ಲೇ ಬರೆಸಿ.

ಬ್ಯಾಂಕಿನ ಬದಲು ಊರವರಿಂದಲೇ ‘ಕಟ್ಟಡ ಠೇವಣಿ’ ಎತ್ತಿ ಐದು ವರ್ಷಕ್ಕೆ ವಾಪಸ್ ಕೊಡೋಣ ಎಂಬ ಸಲಹೆ ಸಭೆಯಲ್ಲಿ ಬಂದೇ ಬರುತ್ತದೆ. ಬೇಡ. ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, 2019 ಟ್ರಸ್ಟ್‌ಗಳನ್ನೂ ಒಳಗೊಳ್ಳುತ್ತದೆ. ಮಕ್ಕಳ ಜತೆ ಕೆಲಸ ಮಾಡುವ ಸಂಸ್ಥೆಯ ಮೇಲೆ ಅಂಥ ಒಂದು ದೂರು ದಾಖಲಾದರೆ ಶಾಲೆಗಳ ಬಾಗಿಲು ಮುಚ್ಚುತ್ತವೆ.

ಉಳಿದವು

ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ ಸಂಸ್ಥೆಯ ಖಾತೆಗೆ ಬರುವುದಿಲ್ಲ. ಜಿಲ್ಲಾಧಿಕಾರಿಗಳ ಮೂಲಕ ಸರ್ಕಾರಿ ಏಜೆನ್ಸಿ ಕಟ್ಟಿಕೊಡುತ್ತದೆ, ಗುಣಮಟ್ಟದ ಮೇಲೆ ನಿಮ್ಮ ಹಿಡಿತ ಕಡಿಮೆ, ಕಟ್ಟಡ ಸಾರ್ವಜನಿಕ ಬಳಕೆಗೆ ತೆರೆದಿರಬೇಕು. ರಸ್ತೆ, ಕಾಂಪೌಂಡು, ಸಭಾಂಗಣದಂಥ ಬಿಡಿ ಕೆಲಸಕ್ಕೆ ಇದು ಒಗ್ಗುತ್ತದೆ. ಮಕ್ಕಳೊಂದಿಗೆ ಗುಟ್ಟಾಗಿ ಮಾತಾಡುವ ಕೋಣೆಗಳಿಗೆ ಒಗ್ಗುವುದಿಲ್ಲ.

ವಿದೇಶಿ ಹಣದಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಿ. ದುಬೈಯಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆಯಲ್ಲ. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇರುವ ನಿಮ್ಮೂರಿನವರೇ ಕೊಟ್ಟರೆ ಅದು ವಿದೇಶಿ ವಂತಿಗೆ. ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯೂ ಪಡೆಯುವಂತಿಲ್ಲ. ನೋಂದಣಿ ಇದ್ದರೂ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ಮೀರಬಾರದು. ನೋಂದಣಿ ರದ್ದಾದರೆ ಆ ಹಣದಿಂದಾದ ಆಸ್ತಿ ಸರ್ಕಾರ ಗೊತ್ತುಮಾಡಿದ ಪ್ರಾಧಿಕಾರದ ವಶಕ್ಕೆ ಹೋಗುತ್ತದೆ. ಇಟ್ಟಿಗೆಗೆ ಈ ಹಣ ಬೆರೆಸದಿರುವುದೇ ಮೇಲು, ಕಾರ್ಯಕ್ರಮಕ್ಕೆ ಇರಲಿ.

ಊರಿನ ಸಮುದಾಯ ಸಮಾಜಗಳಂತೆ ಸಭಾಂಗಣವನ್ನು ಮದುವೆಗೆ ಬಾಡಿಗೆ ಕೊಟ್ಟು ಕಟ್ಟಡ ನಡೆಸೋಣ ಎಂಬ ಲೆಕ್ಕ ಕೇಳಲು ಚೆಂದ. ಮದುವೆಗಳೆಲ್ಲ ಬರುವುದು ಶನಿವಾರ, ಭಾನುವಾರ, ಬೇಸಿಗೆ ರಜೆಯಲ್ಲಿ. ಮಕ್ಕಳಿಗೆ ಬಿಡುವಿರುವುದೂ ಆಗಲೇ.

ಕೂಡಿಸಿ ನೋಡಿದರೆ

1 ಕೋಟಿ 14 ಲಕ್ಷದ ಕಟ್ಟಡಕ್ಕೆ ತಾಳುವ ಹಂಚಿಕೆ ಹೀಗಿರಬಹುದು: ನಂಬಬಹುದಾದ ದೇಣಿಗೆ 45 ಲಕ್ಷ (ಅದಕ್ಕೆ ಬರೆಸಿಕೊಳ್ಳಬೇಕಾದದ್ದು 56 ಲಕ್ಷ), ತರಬೇತಿ ಭಾಗಕ್ಕೆ ಸಿಎಸ್‌ಆರ್ 35 ಲಕ್ಷ, ಐದು ವರ್ಷದ ಉಳಿತಾಯ 15 ಲಕ್ಷ, ಸೇತುವೆ ಸಾಲ 19 ಲಕ್ಷ. ಬರೆಸಿಕೊಂಡದ್ದರಲ್ಲಿ 45ರ ಮೇಲೆ ಬಂದದ್ದೆಲ್ಲ ಸಾಲಕ್ಕೆ. ಸಿಎಸ್‌ಆರ್ ಸಿಗದಿದ್ದರೆ ಸಾಲ ಹೆಚ್ಚಿಸಬೇಡಿ, ಕಟ್ಟಡ ಕುಗ್ಗಿಸಿ. ನಕ್ಷೆಯನ್ನು ಮೊದಲೇ ಎರಡು ಹಂತಕ್ಕೆ ಮಾಡಿಸಿ, ತಳಪಾಯ ಎರಡು ಮಹಡಿಗೆ ಹಾಕಿ, ಮೊದಲ ಹಂತದಲ್ಲಿ 1,600 ಚದರಡಿ ಮುಗಿಸಿ ಒಳಗೆ ಹೋಗಬಹುದು. ಮೇಲಿನ ಮಹಡಿಗಾಗಿ ಬಿಟ್ಟ ಕಂಬಿಗಳಿಗೆ ಸಿಮೆಂಟ್ ಹಾಲು ಬಳಿದು, ಬಡ ಕಾಂಕ್ರೀಟಿನಿಂದ (ಸಿಮೆಂಟ್ ಕಡಿಮೆ ಇರುವ ಕಾಂಕ್ರೀಟ್) ಮುಚ್ಚಿ.

ಕ್ರಮ ಹೀಗಿರಲಿ: ಮೊದಲ ವರ್ಷ ಜಾಗದ ಕಾಗದ, ಮಣ್ಣು ಪರೀಕ್ಷೆ, ನಕ್ಷೆ, ಪುತ್ತರಿಯಲ್ಲಿ ಭರವಸೆ ಪತ್ರ. ಮಾರ್ಚ್‌ನಲ್ಲಿ ಮೊದಲ ಕಂತು ಬಂದ ಮೇಲೆ, ಮಳೆಗೆ ಮುನ್ನ, ತಡೆಗೋಡೆ ಮತ್ತು ಚರಂಡಿ ಮಾತ್ರ. ಆ ಗೋಡೆ ಒಂದು ಮಳೆಗಾಲ ಕಳೆಯಲಿ. ನೀರು ಎಲ್ಲಿ ಒಸರುತ್ತದೆ, ಮಣ್ಣು ಎಲ್ಲಿ ಕೂರುತ್ತದೆ ಎಂದು ಸೆಪ್ಟೆಂಬರ್‌ನಲ್ಲಿ ಕಾಣುತ್ತದೆ. ತಳಪಾಯ ನವೆಂಬರ್‌ನಲ್ಲಿ, ಚಾವಣಿ ಮೇ ಮಧ್ಯದೊಳಗೆ. ಗುತ್ತಿಗೆದಾರರ ಪ್ರತಿ ಬಿಲ್ಲಿನಲ್ಲಿ ಶೇ 5 ತಡೆಹಿಡಿದು, ಕೆಲಸ ಮುಗಿದ ಮೇಲೆ ಇಡೀ ಒಂದು ಮಳೆಗಾಲ ಕಳೆದ ನಂತರವೇ ಬಿಡುಗಡೆ ಮಾಡಿ. ಚಾವಣಿ ಸೋರುತ್ತದೋ ಇಲ್ಲವೋ ಎಂಬುದಕ್ಕೆ ಇಲ್ಲಿ ಜುಲೈಗಿಂತ ದೊಡ್ಡ ಪರೀಕ್ಷೆ ಇಲ್ಲ.

ಹಣ ಸಾಲದೆ ಏನನ್ನಾದರೂ ಕೈಬಿಡಬೇಕಾಗಿ ಬಂದಾಗ ಟೈಲ್ಸ್ ಕೈಬಿಡಿ, ಮುಂದಿನ ಕಮಾನು ಕೈಬಿಡಿ, ಅಧ್ಯಕ್ಷರ ಕೊಠಡಿಯನ್ನೂ ಕೈಬಿಡಿ. ಮಾರ್ಗದರ್ಶನ ಕೋಣೆಯ ಬಾಗಿಲಿನ ಗಾಜನ್ನು ಮಾತ್ರ ಬಿಡಬೇಡಿ. ಎದೆಮಟ್ಟದಿಂದ ಮೇಲಕ್ಕೆ, ಒಂದಡಿ ಅಗಲ, ಎರಡಡಿ ಎತ್ತರದ ಪಾರದರ್ಶಕ ಗಾಜು: ಮಾತು ಹೊರಗೆ ಕೇಳಬಾರದು, ಒಳಗಿರುವ ಇಬ್ಬರೂ ಹೊರಗಿನವರಿಗೆ ಕಾಣುತ್ತಿರಬೇಕು.